ಹಬ್ಬದ ಓವನ್‌ನಲ್ಲಿ ನಾಯಿಗೂ ಒಂದು ಪಾಲು

ಅಮೆರಿಕದ ಇಲಿನಾಯ್ಸ್ ರಾಜ್ಯದ ಮಾರ್ಟನ್ ದೊಡ್ಡ ಊರೇನಲ್ಲ. ಆದರೆ ಬೇಸಿಗೆ ಮುಗಿಯುವ ಹೊತ್ತಿಗೆ ಸುತ್ತಲ ಹೊಲಗಳಿಂದ ಅಲ್ಲಿನ ಲಿಬ್ಬೀಸ್ ಕಾರ್ಖಾನೆಗೆ ಲಾರಿಗಟ್ಟಲೆ ಸಿಹಿಗುಂಬಳ ಬಂದು ಬೀಳತೊಡಗುತ್ತದೆ. ಬೇಯಿಸಿ, ಅರೆದು, ಡಬ್ಬಿಗೆ ತುಂಬಿದ ತಿರುಳು ದೇಶದ ಮೂಲೆ ಮೂಲೆಯ ಅಡುಗೆಮನೆಗಳಿಗೆ ಹೋಗುತ್ತದೆ. ನವೆಂಬರ್‌ನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಕುಂಬಳಕಾಯಿ ಪೈ ಆಗಲೇಬೇಕು. ಪೈಗೆ ಬಳಸಿ ಡಬ್ಬಿಯ ತಳದಲ್ಲಿ ಉಳಿದದ್ದನ್ನು ಎಷ್ಟೋ ಮನೆಗಳಲ್ಲಿ ಗೋಧಿ ಹಿಟ್ಟಿಗೆ ಹಾಕಿ ಕಲಸಿ, ಲಟ್ಟಿಸಿ, ಮೂಳೆಯ ಆಕಾರದ ಅಚ್ಚಿನಿಂದ ಕತ್ತರಿಸಿ ಓವನ್‌ಗೆ ಇಡುತ್ತಾರೆ. ಅದು ಮನೆಯ ನಾಯಿಯ ಪಾಲು.

ಎಲೆಗಳು ಕೆಂಪಾಗುವ ಕಾಲದಲ್ಲಿ ಅಲ್ಲಿಯ ನಾಯಿಗಳಿಗೂ ಹಬ್ಬದ ಕಳೆ ಬರುತ್ತದೆ. ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಮುಂಚೆ ನ್ಯೂಯಾರ್ಕ್‌ನ ಟಾಂಪ್ಕಿನ್ಸ್ ಸ್ಕ್ವೇರ್ ಸುತ್ತ ವೇಷ ತೊಟ್ಟ ನಾಯಿಗಳ ಮೆರವಣಿಗೆ ನಡೆಯುತ್ತದೆ. ಥ್ಯಾಂಕ್ಸ್‌ಗಿವಿಂಗ್ ದಿನ ಫಿಲಡೆಲ್ಫಿಯಾದ ಶ್ವಾನ ಪ್ರದರ್ಶನವನ್ನು 2002ರಿಂದ ಮನೆ ಮಂದಿಯೆಲ್ಲ ಟಿವಿಯಲ್ಲಿ ನೋಡುತ್ತಾರೆ. ಮೇಜಿನ ಮೇಲೆ ಟರ್ಕಿ ಕೋಳಿಯ ಹುರಿದ ಮಾಂಸ, ಮೇಜಿನ ಕೆಳಗೆ ಬಾಲ ಆಡಿಸುವ ನಾಯಿ. ಅದಕ್ಕೂ ಏನಾದರೂ ಕೊಡಬೇಕೆನ್ನುವ ಆಸೆ ಯಾರಿಗಾದರೂ ಬರುತ್ತದೆ. ಆ ಆಸೆಯನ್ನು ಅಪಾಯವಿಲ್ಲದೆ ಪೂರೈಸುವ ಕೈಕೆಲಸ ಈ ಬಿಸ್ಕತ್ತು.

ಇದರ ಅರ್ಧ ಕೌಶಲ ಇರುವುದು ಬಿಡುವುದರಲ್ಲಿ. ಸಕ್ಕರೆ ಬಿಡಬೇಕು, ಉಪ್ಪು ಬಿಡಬೇಕು, ಚಾಕೊಲೆಟ್ ಬಿಡಬೇಕು. ಮನುಷ್ಯರಿಗೆ ಈ ಋತುವಿನ ಘಮ ಎಂದರೆ ಚಕ್ಕೆ, ಶುಂಠಿ, ಲವಂಗ, ಜಾಯಿಕಾಯಿ ಸೇರಿದ ಮಸಾಲೆ. 2003ರಲ್ಲಿ ಸ್ಟಾರ್‌ಬಕ್ಸ್ ಅದೇ ಮಸಾಲೆಯ ಕಾಫಿ ತಂದ ಮೇಲಂತೂ ಆ ವಾಸನೆ ಬೀದಿ ಬೀದಿಗೆ ಹಬ್ಬಿತು. ಆದರೆ ಜಾಯಿಕಾಯಿಯಲ್ಲಿರುವ ಮಿರಿಸ್ಟಿಸಿನ್ ಎಂಬ ಅಂಶ ನಾಯಿಗೆ ಆಗುವುದಿಲ್ಲ. ಹೆಚ್ಚು ಹೊಟ್ಟೆಗೆ ಹೋದರೆ ದಿಕ್ಕು ತಪ್ಪಿದಂತೆ ಆಡುತ್ತದೆ, ಎದೆಬಡಿತ ಏರುತ್ತದೆ, ಕೆಲವೊಮ್ಮೆ ಸೆಟೆತ ಬರುತ್ತದೆ. ಹಾಗಾಗಿ ಅಂಗಡಿಯಲ್ಲಿ ಡಬ್ಬಿ ಆರಿಸುವಾಗಲೇ ಕಣ್ಣು ಚುರುಕಾಗಿರಬೇಕು. ಬರೀ ಕುಂಬಳದ ತಿರುಳಿನ ಡಬ್ಬಿ, ಸಕ್ಕರೆ ಮಸಾಲೆ ಬೆರೆತ ಪೈ ಮಿಶ್ರಣದ ಡಬ್ಬಿ ಎರಡೂ ಒಂದೇ ಸಾಲಿನಲ್ಲಿ, ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಕೂತಿರುತ್ತವೆ. ಹಿಂಬದಿಯ ಸಾಮಗ್ರಿ ಪಟ್ಟಿಯಲ್ಲಿ ಕುಂಬಳಕಾಯಿ ಎಂಬ ಒಂದೇ ಹೆಸರಿದ್ದರೆ ಮಾತ್ರ ಅದು ನಾಯಿಗೆ.

ಮಾಡುವ ಬಗೆ ಸರಳ. ಎರಡೂವರೆ ಕಪ್ ಗೋಧಿ ಹಿಟ್ಟು, ಅರ್ಧ ಕಪ್ ಕುಂಬಳದ ತಿರುಳು, ಎರಡು ಮೊಟ್ಟೆ, ಎರಡು ದೊಡ್ಡ ಚಮಚ ಪೀನಟ್ ಬಟರ್. ಮೊದಲು ಒದ್ದೆ ಪದಾರ್ಥಗಳನ್ನು ಕಲಸಿಕೊಂಡು ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾರೆ. ಕಣಕ ಪೂರಿ ಹಿಟ್ಟಿನಷ್ಟು ಬಿಗಿಯಾಗಬೇಕು. ಸಡಿಲವಾದರೆ ಅಚ್ಚಿನ ಅಂಚು ನಿಲ್ಲುವುದಿಲ್ಲ, ಓಕ್ ಎಲೆಯೂ ಅಳಿಲೂ ಒಂದೇ ಥರ ಕಾಣುತ್ತವೆ. ಇದರಲ್ಲಿ ಬೆಣ್ಣೆ, ಸಕ್ಕರೆ ಇಲ್ಲದ್ದರಿಂದ ಬಿಸಿಗೆ ಕರಗಿ ಹರಡುವುದಿಲ್ಲ. ಕತ್ತರಿಸಿದ ಆಕಾರವೇ ಉಳಿಯುತ್ತದೆ. ಮಕ್ಕಳು ಅಚ್ಚು ಒತ್ತಲು ಮುಗಿಬೀಳುವುದು ಅದಕ್ಕೇ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, 175 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು ಅರ್ಧ ಗಂಟೆ ಬೇಯಿಸುತ್ತಾರೆ. ಪಳಗಿದವರು ಅಷ್ಟಕ್ಕೇ ತಟ್ಟೆ ಹೊರಗೆ ತೆಗೆಯುವುದಿಲ್ಲ. ಓವನ್ ಆರಿಸಿ, ಬಾಗಿಲು ಮುಚ್ಚಿದಂತೆಯೇ ಬಿಸ್ಕತ್ತನ್ನು ಒಳಗೆ ಬಿಟ್ಟಿರುತ್ತಾರೆ. ಇಳಿಯುವ ಶಾಖದಲ್ಲಿ ನಡುವಿನ ತೇವವೂ ಆರಿ, ಮುರಿದರೆ ಟಪ್ಪೆಂದು ಸದ್ದಾಗುವಷ್ಟು ಗಟ್ಟಿಯಾಗುತ್ತದೆ. ಕುಂಬಳ ನೀರಿನ ಪದಾರ್ಥ. ತೇವ ಉಳಿದರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಅಂಗಡಿಯ ಬಿಸ್ಕತ್ತಿನಲ್ಲಿರುವ ಸಂರಕ್ಷಕಗಳು ಮನೆಯದರಲ್ಲಿ ಇರುವುದಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಮೇಲಲಂಕಾರಕ್ಕೆ ಸಕ್ಕರೆಯ ಐಸಿಂಗ್ ಬದಲು ಸಪ್ಪೆ ಮೊಸರು, ಚಾಕೊಲೆಟ್ ಬದಲು ಕ್ಯಾರಬ್ ಎಂಬ ಮರದ ಕಾಯಿಯ ಕಂದು ಪುಡಿ.

ನಾಯಿಗೆ ಬಿಸ್ಕತ್ತು ಎಂಬ ಪದಾರ್ಥ ಹುಟ್ಟಿದ್ದು ಲಂಡನ್ನಿನಲ್ಲಿ. 1860ರ ಸುಮಾರಿಗೆ ಅಮೆರಿಕದ ಜೇಮ್ಸ್ ಸ್ಪ್ರಾಟ್ ಎಂಬಾತ ಸಿಡಿಲು ತಡೆಯುವ ಸಲಾಕೆ ಮಾರಲು ಅಲ್ಲಿಗೆ ಹೋಗಿದ್ದ. ಬಂದರಿನಲ್ಲಿ ನಾವಿಕರು ಎಸೆದ ಗಟ್ಟಿ ಹಡಗು ಬಿಸ್ಕತ್ತನ್ನು ನಾಯಿಗಳು ಕಡಿಯುವುದನ್ನು ನೋಡಿ ಅವನಿಗೆ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ಗೋಧಿ, ಬೀಟ್‌ರೂಟ್, ತರಕಾರಿ, ಮಾಂಸ ಬೆರೆಸಿದ ಅವನ ‘ಡಾಗ್ ಕೇಕ್’ ದೊಡ್ಡ ಉದ್ಯಮವಾಯಿತು. ಆ ಕಂಪನಿಯಲ್ಲಿ ಹುಡುಗನಾಗಿ ಸೇರಿದ ಚಾರ್ಲ್ಸ್ ಕ್ರಫ್ಟ್ ಮುಂದೆ 1891ರಲ್ಲಿ ತನ್ನ ಹೆಸರಿನ ಶ್ವಾನ ಪ್ರದರ್ಶನ ಶುರುಮಾಡಿದ; ಕ್ರಫ್ಟ್ಸ್ ಇಂದಿಗೂ ನಡೆಯುತ್ತಿದೆ. 1908ರಲ್ಲಿ ನ್ಯೂಯಾರ್ಕ್‌ನ ಬೆನೆಟ್ ಬಿಸ್ಕತ್ತು ಕಂಪನಿ, ಮುಂದೆ ಮಿಲ್ಕ್-ಬೋನ್ ಎಂದು ಹೆಸರಾದ ತಿನಿಸನ್ನು ತಯಾರಿಸಿತು.

ಕಾರ್ಖಾನೆಗೆ ಹೋದದ್ದನ್ನು ಅಡುಗೆಮನೆಗೆ ಮರಳಿ ತಂದವರಲ್ಲಿ ಕಾನ್ಸಸ್ ಸಿಟಿಯ ಡ್ಯಾನ್ ಡೈ ಮತ್ತು ಮಾರ್ಕ್ ಬೆಕ್ಲಾಫ್ ಮುಖ್ಯರು. ಅವರ ಮನೆಯಲ್ಲಿ ಮೂರು ನಾಯಿಗಳಿದ್ದವು. ಅವುಗಳಲ್ಲಿ ಗ್ರೇಸಿ ಎಂಬುದು ಕಿವಿ ಕೇಳದ, ಕಣ್ಣೂ ಅಷ್ಟಾಗಿ ಕಾಣದ ಬಿಳಿಯ ಗ್ರೇಟ್ ಡೇನ್. ಅದಕ್ಕೆ ಊಟ ಸೇರುತ್ತಿರಲಿಲ್ಲ. ಅದು ಬಾಯಿಗಿಡುವಂಥದ್ದು ಏನಾದರೂ ಸಿಕ್ಕೀತೇ ಎಂದು ಇವರು ಮನೆಯಲ್ಲೇ ಬೇಯಿಸತೊಡಗಿದರು. ಹಾಗೆ 1989ರಲ್ಲಿ ಮೊದಲಾದ ಕೆಲಸ ‘ತ್ರೀ ಡಾಗ್ ಬೇಕರಿ’ ಎಂಬ ಅಂಗಡಿಯಾಗಿ, ಅಂಗಡಿಗಳ ಸರಣಿಯಾಗಿ ಬೆಳೆಯಿತು. ನಾಯಿಗಳಿಗೆಂದೇ ಬೇಕರಿಯೇ ಎಂದು ಹುಬ್ಬೇರಿಸಿದವರಿಗೆ ಗ್ರೇಸಿಯ ಕಥೆ ಒಳ್ಳೆಯ ಉತ್ತರ: ಅಲ್ಲಿ ಇದ್ದದ್ದು ಷೋಕಿಯಲ್ಲ, ಉಣ್ಣದ ಜೀವವೊಂದರ ಬಗ್ಗೆ ಕಾಳಜಿ.

2007ರ ಮಾರ್ಚ್‌ನಲ್ಲಿ ನಡೆದದ್ದು ಬೇರೆಯೇ ಬಗೆಯ ಪಾಠ. ಚೀನಾದಿಂದ ತರಿಸಿದ ಗೋಧಿ ಗ್ಲುಟೆನ್‌ನಲ್ಲಿ ಮೆಲಮಿನ್ ಬೆರಕೆಯಾಗಿ, ಅದನ್ನು ತಿಂದ ನಾಯಿ ಬೆಕ್ಕುಗಳ ಮೂತ್ರಪಿಂಡ ಕೆಟ್ಟವು. ಉತ್ತರ ಅಮೆರಿಕದಲ್ಲಿ 6 ಕೋಟಿಗೂ ಹೆಚ್ಚು ಡಬ್ಬಿ, ಪೊಟ್ಟಣಗಳನ್ನು ವಾಪಸ್ ತರಿಸಿಕೊಳ್ಳಬೇಕಾಯಿತು. ಆಮೇಲೆ ಆಮದಾದ ಒಣಮಾಂಸದ ತಿನಿಸುಗಳ ಬಗ್ಗೆಯೂ ಸಾವಿರಗಟ್ಟಲೆ ದೂರುಗಳು ಅಲ್ಲಿಯ ಆಹಾರ ಮತ್ತು ಔಷಧ ಆಡಳಿತಕ್ಕೆ ಬಂದವು. ಏನು ಹಾಕಿದ್ದೇವೆಂದು ತಮಗೇ ಗೊತ್ತಿರುವ ತಿನಿಸಿನ ಬೆಲೆ ಆಗ ಜನರಿಗೆ ತಿಳಿಯಿತು.

ಮಾಂಸಾಹಾರಿ ಪ್ರಾಣಿಗೆ ಗೋಧಿ ಅರಗುತ್ತದೆಯೇ ಎಂದು ಕೇಳುವವರಿದ್ದಾರೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ತಂಡ 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಪಿಷ್ಟ ಅರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ, ನಾಯಿಯಲ್ಲಿ 4ರಿಂದ 30ರವರೆಗೆ ಇದೆ. ಮನುಷ್ಯನ ಎಂಜಲು, ಕಾಳುಕಡ್ಡಿ ತಿಂದು ಬದುಕುತ್ತಾ ಬಂದದ್ದರ ಗುರುತು ಅದರ ಮೈಯಲ್ಲೇ ಉಳಿದಿದೆ. ಬೆಕ್ಕಿಗೆ ಸಿಹಿ ಗೊತ್ತಾಗುವುದಿಲ್ಲ, ನಾಯಿಗೆ ಗೊತ್ತಾಗುತ್ತದೆ. ಕುಂಬಳದಲ್ಲಿರುವ ಸಿಹಿಯೇ ಅದಕ್ಕೆ ಸಾಕು. ಜೊತೆಗೆ ಅದರ ನಾರು ಹೊಟ್ಟೆಗೆ ಹಿತ. ಮಲಬದ್ಧತೆಗೂ ಸಣ್ಣಪುಟ್ಟ ಭೇದಿಗೂ ಪಶುವೈದ್ಯರು ಒಂದೆರಡು ಚಮಚ ಕುಂಬಳ ಹೇಳುವುದುಂಟು.

ಅಪಾಯಗಳಲ್ಲಿ ಮೊದಲನೆಯದು ಕ್ಸೈಲಿಟಾಲ್. ‘ಸಕ್ಕರೆ ರಹಿತ’ ತಿನಿಸುಗಳಲ್ಲಿ, ಕೆಲವು ಪೀನಟ್ ಬಟರ್‌ಗಳಲ್ಲಿ ಇದು ಇರುತ್ತದೆ, ಬರ್ಚ್ ಶುಗರ್ ಎಂಬ ಹೆಸರಲ್ಲೂ ಬರುತ್ತದೆ. ನಾಯಿಯ ದೇಹ ಇದನ್ನು ಕಂಡೊಡನೆ ಇನ್ಸುಲಿನ್ ಸುರಿಸುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ. ಕಿಲೋ ತೂಕಕ್ಕೆ 0.1 ಗ್ರಾಂನಷ್ಟೇ ಸಾಕು. ಹೆಚ್ಚಾದರೆ ಲಿವರ್ ಕೆಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕುತ್ತು. ಅದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಅಮೆರಿಕದ ಪಶುವೈದ್ಯರು ಈಚಿನ ವರ್ಷಗಳಲ್ಲಿ ಹೇಳುತ್ತಿದ್ದಾರೆ. ಬೇಕಿಂಗ್‌ಗೆ ಬಳಸುವ ಕ್ರೀಮ್ ಆಫ್ ಟಾರ್ಟರ್ ತಿಂದ ನಾಯಿಗಳಿಗೂ ಹುಣಸೆಹಣ್ಣು ತಿಂದ ನಾಯಿಗಳಿಗೂ ಅದೇ ಬಗೆಯ ತೊಂದರೆ ಕಂಡದ್ದು ಅವರಿಗೆ ಸುಳಿವು ಕೊಟ್ಟಿತು. ಕನ್ನಡದ ಮನೆಗಳು ಇದನ್ನು ಗಮನಿಸಲೇಬೇಕು. ಹಬ್ಬದ ದಿನ ಮಿಕ್ಕ ಪುಳಿಯೋಗರೆ, ದ್ರಾಕ್ಷಿ ಹಾಕಿದ ರವೆ ಉಂಡೆ, ಈರುಳ್ಳಿ ಬಜ್ಜಿ ನಾಯಿಯ ತಟ್ಟೆಗೆ ಹೋಗುವುದು ನಮ್ಮಲ್ಲಿ ಮಾಮೂಲು. ಪ್ರೀತಿಯಿಂದಲೇ ಹಾಕುತ್ತೇವೆ, ನಿಜ, ಆದರೆ ಹಾಕಬಾರದು.

ಶರತ್ಕಾಲದಲ್ಲಿ ನಾಯಿಗೆ ಹಬ್ಬದೂಟ ಕೊಡುವುದು ಅಮೆರಿಕದ ಸ್ವತ್ತೇನಲ್ಲ. ನಾವು ನರಕ ಚತುರ್ದಶಿಯ ಎಣ್ಣೆಸ್ನಾನ ಮಾಡುವ ಹೊತ್ತಿಗೆ ನೇಪಾಳದಲ್ಲಿ ಕುಕುರ್ ತಿಹಾರ್. ಅಂದು ಸಾಕುನಾಯಿ, ಬೀದಿನಾಯಿ ಎನ್ನದೆ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ, ಹಣೆಗೆ ತಿಲಕ ಇಟ್ಟು, ಒಳ್ಳೆಯ ಊಟ ಬಡಿಸುತ್ತಾರೆ.

ಬೆಂಗಳೂರಿನಲ್ಲೂ ಈಗ ನಾಯಿಗಳಿಗೆಂದೇ ಬೇಯಿಸುವ ಬೇಕರಿಗಳಿವೆ, ಮನೆಯಿಂದಲೇ ಮಾಡಿ ಕೊಡುವವರಿದ್ದಾರೆ. ಹಳೇ ಮೈಸೂರಿನ ಮನೆಗಳಲ್ಲಿ ನಾಯಿಗೆ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಹಾಕುವ ರೂಢಿ ಮೊದಲಿಂದಲೂ ಇದ್ದುದರಿಂದ ರಾಗಿ ಬಿಸ್ಕತ್ತು ಇಲ್ಲಿಗೆ ಸಹಜವಾಗಿ ಒಗ್ಗುತ್ತದೆ. ಗೋಧಿಯ ಜಿಗುಟು ರಾಗಿಗೆ ಇಲ್ಲ, ಲಟ್ಟಿಸಿದರೆ ಬಿರಿಯುತ್ತದೆ. ಬೇಯಿಸಿದ ಸಿಹಿಗುಂಬಳವೋ ಗೆಣಸೋ ಮೊಟ್ಟೆಯೋ ಸೇರಿದರೆ ಹಿಡಿದು ನಿಲ್ಲುತ್ತದೆ. ಡಬ್ಬಿಯ ಹಂಗೂ ಇಲ್ಲ. ಸಂತೆಯಿಂದ ಒಂದು ಹೋಳು ತಂದು, ಸಿಪ್ಪೆ ಬೀಜ ತೆಗೆದು, ಹಬೆಯಲ್ಲಿ ಬೇಯಿಸಿ, ಬಟ್ಟೆಯಲ್ಲಿ ನೀರು ಹಿಂಡಿದರಾಯಿತು.

ಎಷ್ಟು ಕೊಡಬೇಕೆಂಬ ಲೆಕ್ಕವೂ ಇದೆ. ದಿನದ ಕ್ಯಾಲರಿಯಲ್ಲಿ ತಿನಿಸಿನ ಪಾಲು ನೂರಕ್ಕೆ ಹತ್ತನ್ನು ಮೀರಬಾರದು ಎನ್ನುತ್ತಾರೆ ಪಶುವೈದ್ಯರು. 10 ಕಿಲೋ ತೂಗುವ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಬೇಕೆಂದರೆ ತಿನಿಸಿಗೆ ಸಿಗುವುದು 60. ಹತ್ತು ಗ್ರಾಂನ ಎರಡು ಬಿಸ್ಕತ್ತಿಗೆ ಅದು ಮುಗಿಯುತ್ತದೆ. ಅದಕ್ಕೇ ತಿಳಿದವರು ಉಗುರಗಲದ ಅಚ್ಚು ಬಳಸುತ್ತಾರೆ. ಅಷ್ಟರಲ್ಲೇ ಹತ್ತು ಸಲ ಕೈ ಚಾಚಬಹುದು. ದೀಪಾವಳಿಯ ದಿನವಾದರೆ ಬೆಳಕಿರುವಾಗಲೇ ನಾಯಿಯನ್ನು ತಿರುಗಾಡಿಸಿ, ಊಟ ಹಾಕಿ, ಬಿಸ್ಕತ್ತನ್ನೂ ಕೊಟ್ಟು ಮುಗಿಸುವುದು ಒಳ್ಳೆಯದು. ಪಟಾಕಿ ಶುರುವಾದ ಮೇಲೆ ಎಷ್ಟೋ ನಾಯಿಗಳು ಮಂಚದಡಿ ಸೇರಿ, ಮೂಗಿನೆದುರು ಏನು ಹಿಡಿದರೂ ಬಾಯಿ ತೆರೆಯುವುದಿಲ್ಲ.