ಬುಡೋಕಾನ್‌ನ ಹುಡುಗಿಯರು

1975ರ ಏಪ್ರಿಲ್ 17. ಟೋಕಿಯೊದ ಹನೇಡಾ ವಿಮಾನ ನಿಲ್ದಾಣದಲ್ಲಿ ಸಾವಿರಾರು ಹುಡುಗಿಯರು ನೆರೆದಿದ್ದರು. ಹೆಚ್ಚಿನವರು ಇನ್ನೂ ಶಾಲೆಯಲ್ಲಿ ಓದುತ್ತಿದ್ದವರು. ಅವರು ಕಾಯುತ್ತಿದ್ದ ಬ್ರಿಟಿಷ್ ರಾಕ್ ತಂಡ ಕ್ವೀನ್‌ಗೆ ಇಂಥ ಸ್ವಾಗತ ತನ್ನ ಊರಲ್ಲೂ ಸಿಕ್ಕಿರಲಿಲ್ಲ. ‘ಕಿಲ್ಲರ್ ಕ್ವೀನ್’ ಹಾಡು ಬ್ರಿಟನ್ನಿನಲ್ಲಿ ಗೆದ್ದಿದ್ದರೂ ತಂಡದವರ ಕೈಯಲ್ಲಿ ಕಾಸಿರಲಿಲ್ಲ, ವಾರದ ಸಂಬಳದಲ್ಲೇ ದಿನ ದೂಡುತ್ತಿದ್ದರು. ಆಗಷ್ಟೇ ಮುಗಿದ ಅಮೆರಿಕ ಪ್ರವಾಸದಲ್ಲಿ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಗಂಟಲು ಕೈಕೊಟ್ಟು ಹಲವು ಕಾರ್ಯಕ್ರಮಗಳು ರದ್ದಾಗಿದ್ದವು. ಜಗತ್ತು ಅವರನ್ನು ಗುರುತಿಸಿದ ‘ಬೊಹೀಮಿಯನ್ ರಾಪ್ಸಡಿ’ ಬಿಡುಗಡೆಯಾಗಲು ಇನ್ನೂ ಆರು ತಿಂಗಳಿತ್ತು.

ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಪಿಯಾನೊ ಕಲಿತ ಪಾರ್ಸಿ ಹುಡುಗ ಫ್ರೆಡ್ಡಿಯಲ್ಲಿ ಏನೋ ಇದೆ ಎಂದು ಎಲ್ಲರಿಗಿಂತ ಮೊದಲು ಕಂಡುಕೊಂಡವರಲ್ಲಿ ಈ ಜಪಾನಿ ಹುಡುಗಿಯರೂ ಇದ್ದರು. ರಾಕ್ ಸಂಗೀತದ ಚರಿತ್ರೆ ಬರೆದವರು ಇವರನ್ನು ಕಿರುಚಾಟದ ಗುಂಪು ಎಂದು ಬದಿಗೆ ಸರಿಸಿದ್ದೇ ಹೆಚ್ಚು. ನನಗೆ ಅದು ಅನ್ಯಾಯವೆನಿಸುತ್ತದೆ. ಚಂದದ ಮುಖ, ಉದ್ದ ಕೂದಲು ಅವರನ್ನು ಸೆಳೆದಿರಲಿಲ್ಲವೆಂದಲ್ಲ. ಆದರೆ ಅವರು ಹಾಡನ್ನೂ ಕೇಳುತ್ತಿದ್ದರು, ಬಹಳ ಗಮನವಿಟ್ಟು ಕೇಳುತ್ತಿದ್ದರು.

ಹಾಗೆ ಕೇಳುವುದು ಸುಲಭವೂ ಆಗಿರಲಿಲ್ಲ. 1965ರಲ್ಲಿ ಅಮೆರಿಕದ ವೆಂಚರ್ಸ್ ತಂಡ ಬಂದುಹೋದ ಮೇಲೆ ಜಪಾನಿನ ಹುಡುಗರಿಗೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿಯಿತು. ಅಶಿಕಾಗಾ ಪಟ್ಟಣದ ಶಿಕ್ಷಣ ಮಂಡಳಿ ಆ ವಾದ್ಯವನ್ನೇ ವಿದ್ಯಾರ್ಥಿಗಳಿಗೆ ನಿಷೇಧಿಸಿತು. ಮರುವರ್ಷ ಬೀಟಲ್ಸ್ ಬಂದಾಗ ಗದ್ದಲ ಇನ್ನೂ ಜೋರಾಯಿತು. 1964ರ ಒಲಿಂಪಿಕ್ಸ್‌ನ ಜುಡೊ ಸ್ಪರ್ಧೆಗೆಂದು ಕಟ್ಟಿದ ನಿಪ್ಪಾನ್ ಬುಡೋಕಾನ್‌ನಲ್ಲಿ, ಸಮರಕಲೆಗೆ ಮೀಸಲಾದ ಆ ಜಾಗದಲ್ಲಿ, ಉದ್ದ ಕೂದಲಿನ ಈ ಹುಡುಗರು ಹಾಡುವುದೇ ಎಂದು ಬಲಪಂಥೀಯರು ಬೀದಿಗಿಳಿದರು. ಹಲವು ಶಾಲೆಗಳು ಮಕ್ಕಳು ಹೋಗಕೂಡದೆಂದವು. ಜೂನ್ 30ರಿಂದ ಜುಲೈ 2ರವರೆಗೆ ಐದು ಪ್ರದರ್ಶನಗಳು ನಡೆದವು, ಒಂದೊಂದೂ ಅರ್ಧ ಗಂಟೆಯ ಆಸುಪಾಸು. ಸಾಲುಸಾಲು ಪೊಲೀಸರ ಕಣ್ಗಾವಲಿನಲ್ಲಿ ಕುರ್ಚಿ ಬಿಟ್ಟು ಏಳದೆ ಕೇಳಬೇಕಿತ್ತು.

ಈ ಕೇಳುಗರಿಗೆ ದಾರಿ ತೋರಿದವರಲ್ಲೂ ಹೆಣ್ಣುಮಕ್ಕಳು ಮುಂದಿದ್ದರು. ‘ಮ್ಯೂಸಿಕ್ ಲೈಫ್’ ಪತ್ರಿಕೆಯ ಸಂಪಾದಕಿ ರುಮಿ ಹೋಶಿಕಾ 1965ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಕಿಮೊನೊ ಉಟ್ಟು ಲಂಡನ್ನಿನ ಸ್ಟುಡಿಯೊಗೇ ಹೋಗಿ ಬೀಟಲ್ಸ್‌ರನ್ನು ಸಂದರ್ಶಿಸಿ ಬಂದರು. ಎಪ್ಪತ್ತರ ದಶಕದಲ್ಲಿ ಅದೇ ಪತ್ರಿಕೆಯ ಕಾವೊರುಕೊ ತೊಗೊ ಕ್ವೀನ್ ಬೆನ್ನಿಗೆ ನಿಂತರು. ರಾತ್ರಿ ಅಮೆರಿಕನ್ ಸೇನೆಯ ರೇಡಿಯೊ ಇತ್ತು. ಜಪಾನಿನಲ್ಲಿ ಒತ್ತಿದ ರೆಕಾರ್ಡಿನ ಜೊತೆ ಸಾಹಿತ್ಯದ ಹಾಳೆ, ಅದರ ಅನುವಾದ, ವಿಮರ್ಶಕರ ಟಿಪ್ಪಣಿ ಬರುತ್ತಿದ್ದವು. ಹದಿನೈದರ ಹುಡುಗಿಯೊಬ್ಬಳು ಆ ಹಾಳೆಯನ್ನು ಮುಂದಿಟ್ಟುಕೊಂಡು ಹಾಡು ಕೇಳುತ್ತಿದ್ದಳೆಂದರೆ ಅದು ಓದೂ ಹೌದು. ಈ ಪ್ರೀತಿಯ ಋಣವನ್ನು ಕ್ವೀನ್ ತೀರಿಸಿದ್ದು 1976ರಲ್ಲಿ. ‘ಎ ಡೇ ಅಟ್ ದಿ ರೇಸಸ್’ ಆಲ್ಬಂನ ಕೊನೆಯ ಹಾಡಿನಲ್ಲಿ ಫ್ರೆಡ್ಡಿ ಜಪಾನಿ ಸಾಲುಗಳನ್ನು ಹಾಡಿದರು.

ಆದರೆ ಈ ಹುಡುಗಿಯರ ಕೊಡುಗೆ ಕಿವಿಗೇ ಕೇಳಿಸಬೇಕೆಂದರೆ ‘ಚೀಪ್ ಟ್ರಿಕ್ ಅಟ್ ಬುಡೋಕಾನ್’ ಹಾಕಿ. ಇಲಿನಾಯ್‌ನ ರಾಕ್‌ಫರ್ಡಿನ ಈ ತಂಡದ ಮೊದಲ ಮೂರು ಆಲ್ಬಂಗಳಿಗೆ ಅಮೆರಿಕದಲ್ಲಿ ದೊಡ್ಡ ಗಿರಾಕಿಗಳಿರಲಿಲ್ಲ. 1978ರ ಏಪ್ರಿಲ್‌ನಲ್ಲಿ ಟೋಕಿಯೊಗೆ ಬಂದರೆ ಹುಡುಗಿಯರು ಮುತ್ತಿಕೊಂಡರು. ಬುಡೋಕಾನ್ ಕಾರ್ಯಕ್ರಮದ ಧ್ವನಿಮುದ್ರಿಕೆ ಜಪಾನಿಗೆ ಮಾತ್ರ ಎಂದುಕೊಂಡು ಆ ಅಕ್ಟೋಬರ್‌ನಲ್ಲಿ ಹೊರಬಂತು. ಅದರ ಪ್ರತಿಗಳನ್ನು ಅಮೆರಿಕನ್ನರು ದುಬಾರಿ ಬೆಲೆ ಕೊಟ್ಟು ತರಿಸಿಕೊಳ್ಳತೊಡಗಿದಾಗ ಕಂಪನಿ ಕಣ್ಣುಬಿಟ್ಟಿತು. 1979ರ ಫೆಬ್ರವರಿಯಲ್ಲಿ ಅಲ್ಲೂ ಬಿಡುಗಡೆಯಾಗಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೇರಿತು. ‘ಐ ವಾಂಟ್ ಯು ಟು ವಾಂಟ್ ಮಿ’ ಹಾಡಿನ ಸ್ಟುಡಿಯೊ ರೂಪ ಅಮೆರಿಕದಲ್ಲಿ ಸೋತಿತ್ತು, ಬುಡೋಕಾನ್ ರೂಪ ಏಳನೇ ಸ್ಥಾನ ಕಂಡಿತು. ಎರಡನ್ನೂ ಒಟ್ಟಿಗೆ ಕೇಳಿ ನೋಡಿ. ಗಾಯಕ ಒಂದು ಮಾತು ಹಾಡಿದರೆ ಸಭಾಂಗಣ ಅದನ್ನೇ ಮರಳಿ ಕೂಗುತ್ತದೆ. ಆ ಕೂಗು ಹಾಡಿನ ಲಯದೊಳಗೇ ಬಂದು ಕೂತುಬಿಟ್ಟಿದೆ, ಅದನ್ನು ತೆಗೆದರೆ ಹಾಡು ಸೊರಗುತ್ತದೆ. ಆಲ್ಬಂನ ಮೇಲೆ ಹೆಸರಿಲ್ಲದಿದ್ದರೂ ಆ ಹುಡುಗಿಯರು ಅದರ ಸಹವಾದ್ಯಗಾರರೇ.

ಮುಂದೆ ಮಾರುಕಟ್ಟೆ ಇವರ ರುಚಿಯನ್ನು ಲೆಕ್ಕಕ್ಕಿಟ್ಟುಕೊಂಡಿತು. ಜಪಾನಿನಲ್ಲಿ ತಯಾರಾದ ಸಿ.ಡಿ.ಗೆ ಕಂಪನಿ ಗೊತ್ತುಮಾಡಿದ ಬೆಲೆಯೇ ಬೆಲೆ, ಅಂಗಡಿಯವರು ಇಳಿಸುವಂತಿಲ್ಲ. ಆಮದು ಸಿ.ಡಿ. ಅಗ್ಗ. ಹಾಗಾಗಿ ಕೇಳುಗರು ಆಮದಿನತ್ತ ಹೊರಳದಿರಲೆಂದು ಜಪಾನಿ ಆವೃತ್ತಿಗೆ ಒಂದೆರಡು ಹೆಚ್ಚುವರಿ ಹಾಡು ಸೇರಿಸುವ ರೂಢಿ ಬಂತು, ಬೇರೆ ದೇಶಗಳ ಅಭಿಮಾನಿಗಳು ಅದಕ್ಕಾಗಿ ಹುಡುಕಾಡಿದರು.

ಈಗ ಕಾಲ ಬದಲಾಗಿದೆ. ‘ಮ್ಯೂಸಿಕ್ ಲೈಫ್’ 1998ರಲ್ಲಿ ನಿಂತಿತು. ಇಂದಿನ ಜಪಾನಿ ಹದಿಹರೆಯದವರ ಫೋನುಗಳಲ್ಲಿ ಅಡೊ, ಯೋಅಸೋಬಿಯಂಥ ಸ್ವದೇಶಿ ದನಿಗಳು ಮತ್ತು ಕೊರಿಯಾದ ತಂಡಗಳದ್ದೇ ಮೇಲುಗೈ. 2024ರ ಫೆಬ್ರವರಿಯಲ್ಲಿ ಟೇಲರ್ ಸ್ವಿಫ್ಟ್ ಟೋಕಿಯೊ ಡೋಮ್‌ನಲ್ಲಿ ನಾಲ್ಕು ರಾತ್ರಿ ಹಾಡಿದರು ನಿಜ, ಆದರೆ ಅವರನ್ನು ಜಗತ್ತು ಮೊದಲೇ ಒಪ್ಪಿಯಾಗಿತ್ತು. ಯಾರೂ ಒಪ್ಪದ ತಂಡವನ್ನು ತಾವೇ ಮೊದಲು ಎತ್ತಿಹಿಡಿಯುವ ಧೈರ್ಯ ಅದಕ್ಕಿಂತ ದೊಡ್ಡದೆಂದು ನನ್ನ ಭಾವನೆ. ಆ ಧೈರ್ಯದ ಮೇಲೆ ಸಂಗೀತ ಕಂಪನಿಗಳಿಗೆ ನಂಬಿಕೆ ಬಹಳ ಕಾಲ ಉಳಿದಿತ್ತು. ಕೆನಡಾದ ಕಾರ್ಲಿ ರೇ ಜೆಪ್ಸನ್ ಅವರ ‘ಇಮೋಷನ್’ ಆಲ್ಬಂ ಮೊದಲು ಬಿಡುಗಡೆಯಾದದ್ದು ಜಪಾನಿನಲ್ಲಿ, 2015ರ ಜೂನ್ 24ರಂದು. ಅವರ ತವರಿನವರು ಆಗಸ್ಟ್ 21ರವರೆಗೆ ಕಾಯಬೇಕಾಯಿತು.