ಕ್ಷಯರೋಗಿಗೆ ಗುಳಿಗೆಯೋ, ಊಟವೋ?

ಕೃಷ್ಣಪಕ್ಷದ ಚಂದ್ರನು ದಿನದಿನಕ್ಕೆ ಕೃಶನಾಗುವುದನ್ನು ಕಂಡು ನಮ್ಮ ಪೂರ್ವಿಕರು ಅವನಿಗೆ ಕ್ಷಯ ತಗಲಿದೆಯೆಂದು ಕಥೆ ಹೆಣೆದರು. ದೇಹವು ಕರಗುತ್ತ ಹೋಗುವುದೇ ಈ ವ್ಯಾಧಿಯ ಹೆಗ್ಗುರುತು. ಇದಕ್ಕೆ ಕಾರಣವಾದ ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿ ಲೋಕಕ್ಕೆ ತೋರಿಸಿಕೊಟ್ಟನು. ಅದನ್ನು ಕೊಲ್ಲುವ ಔಷಧಗಳು ಇಂದು ನಮ್ಮಲ್ಲಿವೆ. ಆದರೆ ಕರಗಿದ ದೇಹವನ್ನು ಮತ್ತೆ ಕಟ್ಟುವುದು ಹೇಗೆ? ಅದಕ್ಕೆ ಜೀವಸತ್ವಗಳ ಗುಳಿಗೆ ಸಾಲದೆ?

ಜೀವಸತ್ವಗಳೂ ಕಬ್ಬಿಣ, ಸತು ಮೊದಲಾದ ಖನಿಜಗಳೂ ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾದುವು. ಆದ್ದರಿಂದಲೇ ಅವಕ್ಕೆ ಸೂಕ್ಷ್ಮಪೋಷಕಗಳೆಂದು ಹೆಸರು. ಕ್ಷಯರೋಗಿಗೆ ಹಸಿವು ಅಡಗುತ್ತದೆ; ಜ್ವರವು ದೇಹದ ಸಂಗ್ರಹವನ್ನು ವ್ಯಯಮಾಡುತ್ತದೆ. ಹೀಗೆ ಅವನ ರಕ್ತದಲ್ಲಿ ಇವುಗಳ ಕೊರತೆ ಕಾಣುವುದು ಸಾಮಾನ್ಯ. ಕೊರತೆಯನ್ನು ತುಂಬಿದರೆ ರೋಗವು ಬೇಗ ಗುಣವಾದೀತೆಂದು ಊಹಿಸುವುದು ಸಹಜವೇ.

ಡಿ ಜೀವಸತ್ವದ ಕಥೆಯನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕ್ಷಯಕ್ಕೆ ಕಾಡ್ ಮೀನಿನ ಎಣ್ಣೆಯನ್ನು ಕುಡಿಸುತ್ತಿದ್ದರು. ಈ ಜೀವಸತ್ವವಿದ್ದರೆ ನಮ್ಮ ರಕ್ಷಕ ಕೋಶಗಳು ರೋಗಾಣುವನ್ನು ಕೊಲ್ಲುವ ಒಂದು ವಸ್ತುವನ್ನು ತಯಾರಿಸುತ್ತವೆಂದು 2006ರಲ್ಲಿ ತಿಳಿದುಬಂದಿತು. ಆದರೆ ಚಿಕಿತ್ಸೆಯ ಜೊತೆಗೆ ಅದನ್ನು ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ, 2011ರಲ್ಲಿ ಲಂಡನ್ನಿನಿಂದಲೂ 2015ರಲ್ಲಿ ಭಾರತದಿಂದಲೂ ಪ್ರಕಟವಾದುವುಗಳಲ್ಲಿ, ಒಟ್ಟು ರೋಗಿಗಳ ಕಫವು ಗಣನೀಯವಾಗಿ ಬೇಗನೆ ಶುದ್ಧವಾಗಲಿಲ್ಲ. ಗಾಜಿನ ತಟ್ಟೆಯಲ್ಲಿ ನಡೆದುದೆಲ್ಲ ಮನುಷ್ಯದೇಹದಲ್ಲಿಯೂ ನಡೆಯಬೇಕೆಂಬ ನಿಯಮವಿಲ್ಲ. ಕಬ್ಬಿಣದ ವಿಷಯದಲ್ಲಂತೂ ಎಚ್ಚರಿಕೆಯೇ ಬೇಕು. ಅದು ರೋಗಾಣುವಿಗೂ ಆಹಾರ.

ಒಂದು ಗುಳಿಗೆ ಮಾತ್ರ ಇದಕ್ಕೆ ಅಪವಾದ. ಕ್ಷಯಕ್ಕೆ 1952ರಿಂದ ಬಳಕೆಗೆ ಬಂದ ಐಸೋನಿಯಾಜಿಡ್ ಎಂಬ ಔಷಧವು ಬಿ6 ಜೀವಸತ್ವದೊಡನೆ ಕೂಡಿ ಅದನ್ನು ಮೂತ್ರದ ಮೂಲಕ ಹೊರಗೊಯ್ಯುತ್ತದೆ. ಆಗ ನರಗಳು ಬಳಲಿ, ಅಂಗಾಲು ಅಂಗೈಗಳಲ್ಲಿ ಜೋಮು, ಉರಿ ತೋರುತ್ತವೆ. ಕೃಶರಿಗೂ ಗರ್ಭಿಣಿಯರಿಗೂ ಮಧುಮೇಹಿಗಳಿಗೂ ಈ ಅಪಾಯ ಹೆಚ್ಚು. ದಿನಕ್ಕೆ ಕೆಲವೇ ಮಿಲಿಗ್ರಾಂ ಬಿ6 ಇದನ್ನು ತಡೆಯಬಲ್ಲುದು. ಇಲ್ಲಿ ಗುಳಿಗೆಯು ಔಷಧವೇ ಮಾಡಿದ ನಷ್ಟವನ್ನು ತುಂಬಿಕೊಡುತ್ತದೆ.

ಹಾಗಾದರೆ ದೇಹವನ್ನು ಕಟ್ಟುವುದಾವುದು? 2019ರಿಂದ 2022ರವರೆಗೆ ಜಾರ್ಖಂಡಿನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಮಂಗಳೂರಿನ ವೈದ್ಯವಿಜ್ಞಾನಿಗಳೂ ಅದರಲ್ಲಿ ಪ್ರಮುಖರು. 2,800 ರೋಗಿಗಳಿಗೆ ದಿನಕ್ಕೆ 1,200 ಕ್ಯಾಲೊರಿಯ ಆಹಾರಧಾನ್ಯವನ್ನೂ ಅದರೊಡನೆ ಸೂಕ್ಷ್ಮಪೋಷಕಗಳ ಗುಳಿಗೆಯನ್ನೂ ಕೊಟ್ಟರು. ಮೊದಲ ಎರಡು ತಿಂಗಳಲ್ಲಿ ತೂಕವು ಶೇಕಡ 5ರಷ್ಟು ಏರಿದವರಲ್ಲಿ ಮರಣದ ಸಂಭವವು ಸುಮಾರು ಶೇಕಡ 60ರಷ್ಟು ಕಡಿಮೆಯಾಗಿತ್ತು. ಅಷ್ಟೇ ಅಲ್ಲ, ಅಕ್ಕಿ ಬೇಳೆಗಳನ್ನು ಪಡೆದ ಮನೆಗಳಲ್ಲಿ ಉಳಿದವರಿಗೆ ಕ್ಷಯ ಬರುವುದು, ಪಡೆಯದ ಮನೆಗಳಿಗಿಂತ ಶೇಕಡ 39ರಷ್ಟು ತಗ್ಗಿತು.

ಇದರಿಂದ ತಿಳಿಯುವುದಿಷ್ಟು: ರೋಗಾಣುವನ್ನು ಕೊಲ್ಲುವುದು ಔಷಧ, ದೇಹವನ್ನು ಕಟ್ಟುವುದು ಅನ್ನ, ಸೂಕ್ಷ್ಮಪೋಷಕದ ಗುಳಿಗೆಯು ಇವೆರಡರ ಸಹಾಯಕನೇ ಹೊರತು ಯಾವುದರ ಬದಲಿಯೂ ಅಲ್ಲ. ನೆರೆಮನೆಯಲ್ಲಿ ಕ್ಷಯರೋಗಿಯಿದ್ದರೆ, ಬಣ್ಣದ ಸೀಸೆಯ ಟಾನಿಕ್ಕಿಗೆ ವ್ಯಯವಾಗುವ ಹಣವು ಬೇಳೆ, ಹಾಲು, ಮೊಟ್ಟೆ, ಸೊಪ್ಪುಗಳಿಗೆ ಸಲ್ಲುವಂತೆ ನೋಡಿಕೊಳ್ಳುವುದು ವಿದ್ಯಾವಂತನಾದವನು ಮಾಡಬಹುದಾದ ಉಪಕಾರ.