ಕೋವಿಡ್ ಕಾಲದ ಬಸುರಿ

2020ರ ಲಾಕ್‌ಡೌನ್. ಹೆರಿಗೆಗೆ ತವರಿಗೆ ಹೋಗೋಣ ಅಂದ್ರೆ ಪಾಸ್ ಇಲ್ಲದೆ ಜಿಲ್ಲೆ ದಾಟೋ ಹಾಗಿಲ್ಲ. ಸ್ಕ್ಯಾನಿಂಗ್‌ಗೆ ಹೋಗೋಣ ಅಂದ್ರೆ ಆಸ್ಪತ್ರೆಯಲ್ಲೇ ಸೋಂಕು ತಗುಲೀತು ಅನ್ನೋ ಭಯ.

ಆ ಭಯ ಸುಮ್ನೆ ಹುಟ್ಟಿದ್ದಲ್ಲ. ದಿನ ತುಂಬ್ತಾ ಬಂದ ಹಾಗೆ ಗರ್ಭಕೋಶ ಬೆಳೆದು, ಎದೆ-ಹೊಟ್ಟೆ ನಡುವಿನ ವಪೆಯನ್ನ ಮೇಲಕ್ಕೆ ಒತ್ತುತ್ತೆ. ಶ್ವಾಸಕೋಶಕ್ಕೆ ಜಾಗ ಕಮ್ಮಿ, ಆದ್ರೆ ಬೇಕಾಗೋ ಆಮ್ಲಜನಕ ಮಾತ್ರ ಜಾಸ್ತಿ! ರಕ್ತ ಹೆಪ್ಪುಗಟ್ಟೋ ಗುಣವೂ ಬಸುರಲ್ಲಿ ಹೆಚ್ಚು. ಇದರ ಮೇಲೆ ಕೋವಿಡ್ ಬಂದ್ರೆ ಐಸಿಯು ಸೇರೋ ಅಪಾಯ, ದಿನ ತುಂಬೋ ಮೊದಲೇ ಹೆರಿಗೆ ಆಗೋ ಅಪಾಯ, ಎರಡೂ ಏರುತ್ತೆ.

ಮತ್ತೆ ಹೇಗೆ ನಿಭಾಯಿಸಿದ್ರು? ಎಷ್ಟೋ ಮನೆಗಳಿಗೆ ಆಶಾ ಕಾರ್ಯಕರ್ತೆಯರೇ ಬಾಗಿಲಿಗೆ ಬಂದು ವಿಚಾರಿಸಿದ್ರು. ಕೆಲವರು ಸರ್ಕಾರದ ದೂರವೈದ್ಯ ಸೇವೆ ಇ-ಸಂಜೀವಿನಿಯಲ್ಲಿ ವೈದ್ಯರ ಜೊತೆ ಮಾತಾಡಿದ್ರು. ಆದ್ರೆ ಬಿಪಿ, ರಕ್ತಪರೀಕ್ಷೆ ಫೋನಲ್ಲಿ ಆಗಲ್ವಲ್ಲ! ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಸೋಂಕಿತ ಗರ್ಭಿಣಿಯರಿಗೂ ಹೆರಿಗೆ ಮಾಡಿಸಿದ್ರು. ಸೋಂಕಿದ್ರೂ ಮಾಸ್ಕ್ ಹಾಕಿ, ಕೈ ತೊಳೆದು ಹಾಲೂಡಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಬಾಣಂತಿಯರಿಗೆ ದೊಡ್ಡ ಧೈರ್ಯ.

ಲಸಿಕೆ ಮಾತ್ರ ತಡವಾಯ್ತು. ಅಭಿಯಾನ ಶುರುವಾಗಿದ್ದು 2021ರ ಜನವರಿ 16ಕ್ಕೆ. ಗರ್ಭಿಣಿಯರಿಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು ಜುಲೈ 2ಕ್ಕೆ, ಎರಡನೇ ಅಲೆ ಇಳಿದ ಮೇಲೆ!

ಸಾಂಕ್ರಾಮಿಕ ಇರಲಿ, ಇಲ್ಲದಿರಲಿ, ತಪಾಸಣೆ ತಪ್ಪಿಸಬೇಡಿ. ತಾಯಿ ಕಾರ್ಡ್ ಕೈಗೆ ಸಿಗೋ ಹಾಗಿಟ್ಟುಕೊಳ್ಳಿ. ಉಸಿರಾಟ ಕಷ್ಟವಾದ್ರೆ, ರಕ್ತಸ್ರಾವ ಆದ್ರೆ, ಮಗು ಅಲುಗಾಡೋದು ಕಮ್ಮಿಯಾದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.